ಓದುಗರ ಪ್ರಶ್ನೆ: ಬಿಸಿಲು, ಗಾಳಿ ಮತ್ತು ಸಂಜೆ ಏಳರ ಕರೆಂಟು

ಬಿಸಿಲು ಮತ್ತು ಗಾಳಿಯಿಂದ ಬರುವ ವಿದ್ಯುತ್ತಿನ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕೇಳಿದ್ದಕ್ಕೆ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಒಂದೇ ತಾತ್ಪರ್ಯದ ಪ್ರಶ್ನೆಗಳನ್ನು ಕೂಡಿಸಿ, ಅವುಗಳನ್ನು ತುಸು ಮೊಟಕುಗೊಳಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಕಲ್ಲಿದ್ದಲಿನದಲ್ಲ ಎಂದು ಓದಿದೆ. ಹಾಗಿದ್ದರೂ ಕಲ್ಲಿದ್ದಲು ಸ್ಥಾವರಗಳು ಏಕೆ ನಡೆಯುತ್ತಿವೆ? ನಮ್ಮಂಥ ಅಭಿವೃದ್ಧಿಶೀಲ ದೇಶ ಇದನ್ನು ಯಾವ ಲೆಕ್ಕದ ಮೇಲೆ ಯೋಜಿಸಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಧಾರವಾಡ

ನೀವು ಓದಿದ್ದು ನಿಜ. 2025ರ ಮಧ್ಯಭಾಗದಲ್ಲಿ ಭಾರತದ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಪಾಲು ಜಲ, ಪರಮಾಣು, ಸೌರ ಮತ್ತು ಪವನ ಮೂಲಗಳದ್ದಾಯಿತು. ಆದರೆ ವರ್ಷವಿಡೀ ಉತ್ಪಾದನೆಯಾದ ಯೂನಿಟ್‌ಗಳನ್ನು ಎಣಿಸಿದರೆ ಈ ಮೂಲಗಳ ಪಾಲು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಮೆಗಾವ್ಯಾಟ್ ಯಂತ್ರ ವರ್ಷದ 8,760 ಗಂಟೆಯೂ ಪೂರ್ಣ ಬಲದಲ್ಲಿ ಓಡಿದರೆ 87.6 ಲಕ್ಷ ಯೂನಿಟ್ ಆಗಬೇಕು. ಸೌರ ಸ್ಥಾವರ ಅದರಲ್ಲಿ ಐದನೇ ಒಂದು ಭಾಗ, ಅಂದರೆ ಹದಿನೇಳು ಹದಿನೆಂಟು ಲಕ್ಷ ಯೂನಿಟ್ ಕೊಡುತ್ತದೆ. ಒಳ್ಳೆಯ ಗಾಳಿ ಇರುವ ಕಡೆ ಪವನ ಯಂತ್ರ ಇಪ್ಪತ್ತಾರು ಲಕ್ಷದ ಆಸುಪಾಸಿನಲ್ಲಿ ಕೊಟ್ಟೀತು. ನೂರಕ್ಕೆ ಎಪ್ಪತ್ತರಂತೆ ಓಡುವ ಕಲ್ಲಿದ್ದಲು ಘಟಕದ್ದು ಅರವತ್ತೊಂದು ಲಕ್ಷ. ಆದ್ದರಿಂದ ಮೆಗಾವ್ಯಾಟ್‌ಗೆ ಮೆಗಾವ್ಯಾಟ್ ಎಂದು ತಾಳೆ ಹಾಕುವ ಪತ್ರಿಕಾ ಶೀರ್ಷಿಕೆಗಳಿಂದ ಯೋಜನೆಯ ನಿಜವಾದ ಚಿತ್ರ ಸಿಗುವುದಿಲ್ಲ.

ಒಟ್ಟು ಯೂನಿಟ್‌ಗಿಂತ ಕಠಿಣವಾದದ್ದು ಹೊತ್ತಿನ ಪ್ರಶ್ನೆ. 2024ರ ಮೇ 30ರಂದು ದೇಶದ ಬೇಡಿಕೆ ಸುಮಾರು 2.5 ಲಕ್ಷ ಮೆಗಾವ್ಯಾಟ್ ಮುಟ್ಟಿತು; ಅದು ಹಗಲಿನಲ್ಲಿ ಬಂದ ಬೇಡಿಕೆಯಾದ್ದರಿಂದ ಸೌರ ವಿದ್ಯುತ್ತು ಕೈ ಹಿಡಿಯಿತು. ಸೂರ್ಯ ಮುಳುಗಿದ ಮೇಲೂ ಫ್ಯಾನು, ಕೂಲರು, ಎ.ಸಿ.ಗಳು ನಿಲ್ಲುವುದಿಲ್ಲ, ಮೇಲೆ ದೀಪಗಳೂ ಹೊತ್ತುತ್ತವೆ. ಆ ಒಂದೆರಡು ತಾಸಿನಲ್ಲಿ ಸೌರ ಉತ್ಪಾದನೆ ಸೊನ್ನೆಗೆ ಇಳಿಯುವಾಗ ಅಷ್ಟನ್ನೂ ಬೇರೆ ಯಾರಾದರೂ ತುಂಬಿಕೊಡಬೇಕು. ಇದಕ್ಕಾಗಿಯೇ ಕೂಡಗಿ, ರಾಯಚೂರಿನಂಥ ಸ್ಥಾವರಗಳ ಉತ್ಪಾದನೆಯನ್ನು ಮಧ್ಯಾಹ್ನ ತಗ್ಗಿಸಿ, ಸಂಜೆ ಏರಿಸಲಾಗುತ್ತದೆ. ಬಾಯ್ಲರನ್ನು ಸ್ವಿಚ್ಚಿನಂತೆ ಆರಿಸಿ ಹೊತ್ತಿಸಲು ಬರುವುದಿಲ್ಲ. ಸಾಮಾನ್ಯವಾಗಿ ಪೂರ್ಣ ಸಾಮರ್ಥ್ಯದ ನೂರಕ್ಕೆ 55ಕ್ಕಿಂತ ಕೆಳಗೆ ಅದನ್ನು ಇಳಿಸುವುದೂ ಕಷ್ಟ. ಸಂಜೆಗೆ ಬೇಕೆಂದು ಮಧ್ಯಾಹ್ನವೂ ಅದನ್ನು ಅರೆಬರೆ ಉರಿಸಿಡಬೇಕಾಗುತ್ತದೆ.

ಶ್ರೀಮಂತ ದೇಶಗಳಿಗೂ ನಮಗೂ ಇಲ್ಲೊಂದು ದೊಡ್ಡ ಅಂತರವಿದೆ. ಅಲ್ಲಿನ ಬೇಡಿಕೆ ಹೆಚ್ಚು ಕಡಿಮೆ ನಿಂತುಬಿಟ್ಟಿರುವುದರಿಂದ ಹೊಸ ಸೌರ ಸ್ಥಾವರ ಬಂದಷ್ಟೂ ಹಳೆಯ ಕಲ್ಲಿದ್ದಲು ಘಟಕವನ್ನು ಮುಚ್ಚಬಹುದು. ನಮ್ಮಲ್ಲಿ ತಲಾ ಬಳಕೆ ವರ್ಷಕ್ಕೆ ಸುಮಾರು 1,400 ಯೂನಿಟ್ ಮಾತ್ರ. ಅದು ಜಗತ್ತಿನ ಸರಾಸರಿಯ ಅರ್ಧವೂ ಅಲ್ಲ. ಬೇಡಿಕೆ ಇನ್ನೂ ಏರುತ್ತಿರುವುದರಿಂದ ಹೊಸದಾಗಿ ಬಂದದ್ದರ ಬಹುಪಾಲು ಆ ಏರಿಕೆಯಲ್ಲೇ ಕರಗಿಹೋಗುತ್ತದೆ. 2030ರ ಹೊತ್ತಿಗೆ 5 ಲಕ್ಷ ಮೆಗಾವ್ಯಾಟ್ ಪಳೆಯುಳಿಕೆಯೇತರ ಸಾಮರ್ಥ್ಯ ಎಂದು 2021ರಲ್ಲಿ ಗ್ಲಾಸ್ಗೊ ಹವಾಮಾನ ಸಮಾವೇಶದಲ್ಲಿ ಘೋಷಿಸಿದ ಗುರಿಯನ್ನು ಈ ಹಿನ್ನೆಲೆಯಲ್ಲೇ ಓದಬೇಕು.

ಯೋಜಕರು ಸರಾಸರಿ ವರ್ಷಕ್ಕಲ್ಲ, ಕೆಟ್ಟ ವರ್ಷಕ್ಕೆ ಲೆಕ್ಕ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. 2023ರಲ್ಲಿ ಕರ್ನಾಟಕದ ಮುಂಗಾರು ಕೈಕೊಟ್ಟಾಗ ಜಲಾಶಯಗಳಲ್ಲಿ ನೀರಿರಲಿಲ್ಲ, ಶರಾವತಿಯನ್ನು ನಂಬುವಂತಿರಲಿಲ್ಲ. ಅದೇ ಹೊತ್ತಿಗೆ ಬೆಳೆ ಉಳಿಸಿಕೊಳ್ಳಲು ರೈತರು ಮಳೆಗಾಲದಲ್ಲೇ ಪಂಪ್‌ಸೆಟ್ ಓಡಿಸಿದ್ದರಿಂದ ಬೇಡಿಕೆ ಜಿಗಿಯಿತು. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ ಖಾಸಗಿ ಉತ್ಪಾದಕರ ವಿದ್ಯುತ್ತನ್ನು ರಾಜ್ಯಕ್ಕೇ ಕೊಡುವಂತೆ ಆದೇಶಿಸಬೇಕಾಯಿತು. ಬರಗಾಲ ಬಂದಾಗ ಪೂರೈಕೆ ತಗ್ಗುವುದೂ ಬೇಡಿಕೆ ಹಿಗ್ಗುವುದೂ ಒಟ್ಟಿಗೇ ಆಗುತ್ತದೆ.

ಹೊತ್ತಿನ ಅಂತರ ತುಂಬಲು ಬ್ಯಾಟರಿಯೂ ಉಂಟು, ಪಂಪ್ಡ್ ಸ್ಟೋರೇಜೂ ಉಂಟು. ಎರಡನೆಯದರಲ್ಲಿ ಹಗಲಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಮೇಲಿನ ಕೆರೆಗೆ ಏರಿಸಿ, ಸಂಜೆ ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುತ್ತಾರೆ; ನೂರು ಯೂನಿಟ್ ಹಾಕಿದರೆ ಎಪ್ಪತ್ತೈದರಿಂದ ಎಂಬತ್ತು ಮರಳುತ್ತದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಇಂಥ ಯೋಜನೆಯ ಪ್ರಸ್ತಾವವಿದ್ದು, ಸಿಂಗಳೀಕಗಳ ಕಾಡು ಹಾಳಾಗುತ್ತದೆಂದು ಅದಕ್ಕೆ ಬಲವಾದ ವಿರೋಧವಿದೆ. ದಟ್ಟ ಕಾಡಿನ ಕಣಿವೆಗಿಂತ ಸವದತ್ತಿ ಭಾಗದಲ್ಲಿ ಯೋಜಿಸಿರುವಂತೆ ಬಯಲುಸೀಮೆಯ ಬೋಳುಗುಡ್ಡಗಳನ್ನು ಮೊದಲು ಹುಡುಕುವುದು ವಿವೇಕದ ದಾರಿ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ನಮ್ಮೂರಿನ ಸುತ್ತ ಒಳ್ಳೆಯ ಗಾಳಿ ಇದ್ದ ದಿನವೂ ಕೆಲವು ಫ್ಯಾನುಗಳು (ಪವನ ಯಂತ್ರಗಳು) ಸುಮ್ಮನೆ ನಿಂತಿರುತ್ತವೆ. ಇಷ್ಟು ಹಣ ಸುರಿದು ನಿಲ್ಲಿಸಿಟ್ಟರೆ ಹೇಗೆ?
— ಗದಗ ತಾಲ್ಲೂಕಿನ ಓದುಗರು

ಒಂದೆರಡು ಫ್ಯಾನು ನಿಂತಿದ್ದರೆ ಅದು ದುರಸ್ತಿಗಾಗಿ ಇರಬಹುದು. ನೆಲದ ಮೇಲೆ ನಮಗೆ ಹಿತವೆನಿಸುವ ತಂಗಾಳಿ ಯಂತ್ರಕ್ಕೆ ಸಾಲದೆಯೂ ಇರಬಹುದು: ಸೆಕೆಂಡಿಗೆ ಸುಮಾರು 3 ಮೀಟರ್ ವೇಗ ಬಂದ ಮೇಲೆಯೇ ಯಂತ್ರ ಉತ್ಪಾದನೆ ಆರಂಭಿಸುವುದು, 25 ಮೀಟರ್ ಮೀರಿದರೆ ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುವುದು. ಗಾಳಿಯ ವೇಗ ಅರ್ಧವಾದರೆ ಅದರಲ್ಲಿರುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ನಾಲ್ಕು ಮೈಲಿ ಅಂತರದ ಎರಡು ದಿಬ್ಬಗಳ ನಡುವೆ ಲಾಭ ನಷ್ಟದ ವ್ಯತ್ಯಾಸ ಬರುವುದು ಹೀಗೆ.

ಸಾಲು ಸಾಲಾಗಿ ನಿಂತಿದ್ದರೆ ಮಾತು ಬೇರೆ. ಆಷಾಢದ ಮಳೆಗಾಳಿ ಬೀಸುವ ರಾತ್ರಿ ಉತ್ಪಾದನೆ ಜೋರಾಗಿರುತ್ತದೆ, ಮಳೆಯಿಂದಾಗಿ ಪಂಪ್‌ಸೆಟ್‌ಗಳು ನಿಂತು ಬೇಡಿಕೆ ಬಿದ್ದಿರುತ್ತದೆ. ಬೇಡಿಕೆಗಿಂತ ಉತ್ಪಾದನೆ ಹೆಚ್ಚಾದರೆ ಏರುವ ಗ್ರಿಡ್ಡಿನ ಕಂಪನಾಂಕವನ್ನು 49.90ರಿಂದ 50.05 ಹರ್ಟ್ಸ್ ನಡುವೆ ಹಿಡಿದಿಡಬೇಕಾದ ನಿಯಂತ್ರಣ ಕೇಂದ್ರ ಆಗ ಉತ್ಪಾದನೆ ತಗ್ಗಿಸಲು ಹೇಳುತ್ತದೆ. ಇಲ್ಲವೇ ಬೇಡಿಕೆ ಬೇರೆ ಊರಲ್ಲಿದ್ದು, ಅಲ್ಲಿಗೆ ಹೋಗುವ ಲೈನು ತುಂಬಿಹೋಗಿರುತ್ತದೆ.

ಬೆಳೆಯುತ್ತಿರುವ ದೇಶಗಳು ಪದೇ ಪದೇ ಎಡವಿರುವುದು ಈ ಲೈನಿನ ವಿಷಯದಲ್ಲೇ. ಕೀನ್ಯಾದ ತುರ್ಕಾನಾ ಸರೋವರದ ಬಳಿ 365 ಯಂತ್ರಗಳ, 310 ಮೆಗಾವ್ಯಾಟ್‌ನ ಪವನ ಸ್ಥಾವರ 2017ರಲ್ಲಿ ಸಿದ್ಧವಾಯಿತು, ಆದರೆ ಅಲ್ಲಿಂದ ಸುಸ್ವಾವರೆಗಿನ ನಾನ್ನೂರು ಕಿಲೋಮೀಟರಿಗೂ ಮೀರಿದ ಲೈನು 2018ರ ಸೆಪ್ಟೆಂಬರಿನವರೆಗೆ ಮುಗಿಯಲಿಲ್ಲ. ಒಪ್ಪಂದದ ಪ್ರಕಾರ ಬಾರದ ವಿದ್ಯುತ್ತಿಗೂ ಪರಿಹಾರ ಕಟ್ಟಬೇಕಾಯಿತು. ವಿಯೆಟ್ನಾಂ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9.35 ಅಮೆರಿಕನ್ ಸೆಂಟ್ ದರ ಘೋಷಿಸಿ, 2019ರ ಜೂನ್ ಒಳಗೆ ಮುಗಿಸಿದವರಿಗೆ ಮಾತ್ರ ಎಂದಿತು. ಹೂಡಿಕೆದಾರರು ಮುಗಿಬಿದ್ದರು. ಬಿಸಿಲು ಹೆಚ್ಚಿರುವ ನಿನ್ಹ್ ಥುವಾನ್, ಬಿನ್ಹ್ ಥುವಾನ್ ಪ್ರಾಂತ್ಯಗಳಲ್ಲಿ ಸ್ಥಾವರಗಳು ಗುಂಪಾಗಿ ಎದ್ದವು, ಲೈನುಗಳು ತಡೆಯದೆ ಉತ್ಪಾದನೆಯನ್ನು ಕತ್ತರಿಸಬೇಕಾಯಿತು. ಸೌರ ಸ್ಥಾವರವನ್ನು ಒಂದೂವರೆ ವರ್ಷದೊಳಗೆ ನಿಲ್ಲಿಸಬಹುದು, ದೊಡ್ಡ ಲೈನಿಗೆ ಮೂರರಿಂದ ಐದು ವರ್ಷ ಹಿಡಿಯುತ್ತದೆ. ಹೀಗಾಗಿ ಸ್ಥಾವರಕ್ಕೆ ಗಿರಾಕಿ ಬರುವ ಮೊದಲೇ ಲೈನು ಎಳೆಯಲು ಆರಂಭಿಸಬೇಕು, ಆ ಹಣ ಕೆಲವು ವರ್ಷ ಸುಮ್ಮನೆ ಕೂರುವ ಅಪಾಯವನ್ನು ಸರ್ಕಾರವೇ ಹೊರಬೇಕು. ಗದಗದ ಬಳಿಯ 400 ಕೆ.ವಿ. ಪೂಲಿಂಗ್ ಸ್ಟೇಷನ್ನು (ಹಲವು ಸ್ಥಾವರಗಳ ವಿದ್ಯುತ್ತನ್ನು ಒಟ್ಟುಗೂಡಿಸುವ ಕೇಂದ್ರ) ಮತ್ತು ಅದನ್ನು ಧಾರವಾಡ ಭಾಗದ ನರೇಂದ್ರ ಉಪಕೇಂದ್ರದ ಕಡೆಗೆ ಜೋಡಿಸುವ ಲೈನು ಇದೇ ಯೋಚನೆಯಿಂದ ಬಂದವು.

ಒಂದು ಮಾತು ಪ್ರಶ್ನೆಯಲ್ಲಿಲ್ಲದಿದ್ದರೂ ಹೇಳಬೇಕು. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬಗಳಿಗೆ ಅದು ನೆಲೆ. ಗಾಳಿಯ ನಕ್ಷೆ ತೆಗೆಯುವ ಮುನ್ನ ಎಲ್ಲಿ ಫ್ಯಾನು ನಿಲ್ಲಿಸಬಾರದು ಎಂಬ ನಕ್ಷೆ ಸಿದ್ಧವಾಗಿದ್ದರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಪ್ರಶ್ನೆ: ನಮ್ಮ ಎರೆ ಹೊಲದಲ್ಲಿ ಒಂದು ಫ್ಯಾನು ನಿಲ್ಲಿಸಲು ಕಂಪನಿಯವರು ಲಾವಣಿಗೆ (ಗುತ್ತಿಗೆಗೆ) ಕೇಳುತ್ತಿದ್ದಾರೆ. ಪಕ್ಕದ ಸೋದರಮಾವನ ಹೊಲದಲ್ಲಿ ಹೈಟೆನ್ಷನ್ ಕಂಬ ಬರುತ್ತದಂತೆ. ಕರಾರಿನಲ್ಲಿ ಏನು ನೋಡಬೇಕು?
— ರೈತ ಓದುಗರು, ಮುಂಡರಗಿ ತಾಲ್ಲೂಕು

ಎರಡೂ ಬೇರೆ ಬೇರೆ ವ್ಯವಹಾರ, ಕೂಡಿಸಬೇಡಿ.

ಫ್ಯಾನಿನದು ಒಪ್ಪಂದ. ನೀವು ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು. ಈಗಿನ ಯಂತ್ರಗಳು ನೂರಿಪ್ಪತ್ತು ಮೀಟರಿಗೂ ಎತ್ತರ, ರೆಕ್ಕೆಗಳು ಅರವತ್ತು ಎಪ್ಪತ್ತು ಮೀಟರ್ ಉದ್ದ. ಅಡಿಪಾಯ ಸುಮಾರು ಇಪ್ಪತ್ತು ಮೀಟರ್ ಅಗಲದ ಕಾಂಕ್ರೀಟ್ ತಟ್ಟೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಗಟ್ಟಿ ಪದರ ಸಿಗುವವರೆಗೆ ಅಗೆಯುತ್ತಾರೆ. ಇದೆಲ್ಲ ಯಂತ್ರದ ಜಾಗ. ಆದರೆ ಹೊಲಕ್ಕೆ ನಿಜವಾದ ಪೆಟ್ಟು ಬೀಳುವುದು ರಸ್ತೆಯಿಂದ. ಕ್ರೇನು, ಉದ್ದನೆಯ ಟ್ರೇಲರ್ ಬರಲೆಂದು ಮೊರಮ್ಮು ಹಾಕಿ ಎತ್ತರಿಸಿದ ರಸ್ತೆ ಹೊಲವನ್ನು ಸೀಳಿದರೆ ಮಳೆನೀರಿನ ಸಹಜ ಹರಿವು ಕಟ್ಟುತ್ತದೆ, ಮೇಲ್ಭಾಗದಲ್ಲಿ ನೀರು ನಿಂತು ಹೆಸರು ಕೊಳೆಯುತ್ತದೆ, ಕೆಳಭಾಗದಲ್ಲಿ ಹಿಂಗಾರಿ ಕಡಲೆಗೆ ಹಸಿ ಸಾಲುವುದಿಲ್ಲ. ಆದ್ದರಿಂದ ರಸ್ತೆಯ ಅಗಲ ಎಷ್ಟು, ಎಲ್ಲೆಲ್ಲಿ ಎಷ್ಟು ದೊಡ್ಡ ಪೈಪು ಹಾಕುತ್ತಾರೆ, ಕ್ರೇನು ನಿಲ್ಲಿಸಲು ಗಟ್ಟಿ ಮಾಡಿದ ನೆಲವನ್ನು ಕೆಲಸ ಮುಗಿದ ಮೇಲೆ ಮೊದಲಿನಂತೆ ಮಾಡಿಕೊಡುತ್ತಾರೋ ಇಲ್ಲವೋ ಎಂಬುದು ನಕ್ಷೆ ಸಮೇತ ಕರಾರಿನಲ್ಲಿ ಬರಬೇಕು. ಬಾಯಿಮಾತಿನ ಭರವಸೆ ಕೊಟ್ಟ ಏಜೆಂಟು ಮುಂದಿನ ವರ್ಷ ಬೇರೆ ಕಂಪನಿಯಲ್ಲಿರುತ್ತಾನೆ.

ಹಣದ ವಿಷಯದಲ್ಲಿ ಮೊದಲ ವರ್ಷದ ಮೊತ್ತಕ್ಕಿಂತ ಏರಿಕೆಯ ದರವನ್ನು ನೋಡಿ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿನಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಖರೀದಿಸದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ. ಮಳೆ ಕಾಣದ ನೆಲದಲ್ಲಿ ಆ ದಿನಕ್ಕೆ ಅದು ಒಳ್ಳೆಯ ಮೊತ್ತವೇ. ಎರಡು ವರ್ಷಕ್ಕೆ ನೂರಕ್ಕೆ ಐದೆಂದರೆ ವರ್ಷಕ್ಕೆ ಎರಡೂವರೆ; ಬೆಲೆಯೇರಿಕೆ ಅದಕ್ಕಿಂತ ವೇಗವಾಗಿ ಓಡಿದರೆ ಗುತ್ತಿಗೆಯ ಕೊನೆಯ ವರ್ಷಗಳಲ್ಲಿ ಆ ಹಣದ ಕೊಳ್ಳುವ ಶಕ್ತಿ ಕುಗ್ಗಿರುತ್ತದೆ. ಅಲ್ಲಿ ಗುತ್ತಿಗೆ ಸಿಕ್ಕಿದ್ದು ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ತೆಗೆದು, ಕುರಿ ಮೇಯಿಸಿ ಬದುಕುತ್ತಿದ್ದ ಭೂಮಿಯಿಲ್ಲದ ಕುಟುಂಬಗಳ ದುಡಿಮೆ ಹೋಯಿತು, ಅದಕ್ಕೆ ಯಾವ ಕರಾರೂ ಇರಲಿಲ್ಲ. ಫ್ಯಾನಿನ ಸುತ್ತ ಉಳುಮೆ ಮುಂದುವರಿಯುತ್ತದೆ ಎಂಬುದು ಸೌರ ಫಲಕಕ್ಕಿಂತ ಅದಕ್ಕಿರುವ ದೊಡ್ಡ ಗುಣ.

ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಬೇಕಾದರೆ ಅದರ ಖರ್ಚು ಕಂಪನಿಯದೇ ಎಂದು ಬರೆಸಿ, ಮತ್ತು ಯಂತ್ರಕ್ಕೆ ಬೇಕಾದಷ್ಟೇ ಗುಂಟೆಗೆ ಎನ್‌ಎ ಆಗಲಿ. ಇಡೀ ಸರ್ವೆ ನಂಬರಿಗೆ ಆದರೆ ಬೆಳೆಸಾಲ, ಬೆಳೆವಿಮೆಗಳಿಗೆ ಅಡ್ಡಿ ಬರುತ್ತದೆ. ಕಂಪನಿ ತನ್ನ ಗುತ್ತಿಗೆಯ ಹಕ್ಕನ್ನು ಬ್ಯಾಂಕಿಗೆ ಒತ್ತೆ ಇಟ್ಟು ಸಾಲ ಪಡೆಯುವುದುಂಟು. ಆ ಬೋಜಾ (ಸಾಲದ ಹೊರೆ) ನಿಮ್ಮ ಉತಾರದ 11ನೇ ಕಾಲಮಿನಲ್ಲಿ ಇಡೀ ಹೊಲದ ಮೇಲೆ ಕೂರದಂತೆ ನೋಡಿಕೊಳ್ಳಿ. ಕಂಪನಿ ಕೈ ಬದಲಾದರೆ ಹೊಸಬರಿಗೂ ಅದೇ ಷರತ್ತು ಅನ್ವಯಿಸಬೇಕು. ಅವಧಿ ಮುಗಿದಾಗ ಅಷ್ಟು ದೊಡ್ಡ ಕಾಂಕ್ರೀಟನ್ನು ಯಾರು ಕೀಳಿಸುತ್ತಾರೆ ಎಂಬುದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ. ಇದನ್ನು ಬಹುತೇಕರು ಕೇಳುವುದೇ ಇಲ್ಲ. ನೋಂದಣಿಗೆ ಮುನ್ನ ಕರಾರನ್ನು ಸ್ಥಳೀಯ ವಕೀಲರಿಂದ ಕನ್ನಡದಲ್ಲಿ ಓದಿಸಿ. ತುರ್ಕಾನಾದ ಅದೇ ಯೋಜನೆಯ ಭೂಹಕ್ಕುಪತ್ರಗಳು ಕಾನೂನುಬದ್ಧವಲ್ಲ ಎಂದು 2021ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. ಕಾಗದಪತ್ರ ನೆಟ್ಟಗಿರುವುದು ಕಂಪನಿಗೂ ಕ್ಷೇಮ.

ನಿಮ್ಮ ಸೋದರಮಾವನವರ ಪರಿಸ್ಥಿತಿ ಹೀಗಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮಿನಡಿ ಲೈನು ಎಳೆಯುವ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಬಹುದು. ಅದು ಸಿಕ್ಕ ಮೇಲೆ ಭೂಸ್ವಾಧೀನವೇ ಇಲ್ಲದೆ ಗೋಪುರ ನಿಲ್ಲಿಸಬಹುದು. ಜಮೀನು ಅವರ ಹೆಸರಿನಲ್ಲೇ ಉಳಿಯುತ್ತದೆ, ಬೆಲೆ ಇಳಿಯುತ್ತದೆ. 2015ರ ಕೇಂದ್ರದ ಮಾರ್ಗಸೂಚಿ ಗೋಪುರದ ಬುಡದ ಜಾಗಕ್ಕೆ ಜಮೀನಿನ ಬೆಲೆಯ ನೂರಕ್ಕೆ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ 15 ಪರಿಹಾರ ಸೂಚಿಸಿತ್ತು. 2024ರ ಜೂನ್ ಮಾರ್ಗಸೂಚಿ ಬುಡಕ್ಕೆ ನೂರಕ್ಕೆ 200, ಗ್ರಾಮೀಣ ಪ್ರದೇಶದಲ್ಲಿ ತಂತಿಯ ಪಟ್ಟಿಗೆ 30 ಎಂದು ಏರಿಸಿದೆ. ಇದನ್ನು ಆಯಾ ರಾಜ್ಯ ಅಳವಡಿಸಿಕೊಳ್ಳಬೇಕಾಗುತ್ತದೆ, ದರ ನಿಗದಿ ಜಿಲ್ಲಾಡಳಿತದ ಮೂಲಕ ಆಗುತ್ತದೆ; ಆದ್ದರಿಂದ ಜಿಲ್ಲಾಧಿಕಾರಿಗಳ ಕಚೇರಿಗೆ ಲಿಖಿತ ಅರ್ಜಿಯನ್ನು ಗೋಪುರದ ಗುಂಡಿ ತೋಡುವ ಮೊದಲೇ ಕೊಡಬೇಕು.

ಪ್ರಶ್ನೆ: ಬಿಸಿಲು ಪುಕ್ಕಟೆ, ಗಾಳಿ ಪುಕ್ಕಟೆ. ಹಾಗಾದರೆ ಈ ವಿದ್ಯುತ್ತಿಗೆ ದರ ಏಕೆ?
— ಲಕ್ಷ್ಮೇಶ್ವರದ ಓದುಗರು

ಇಂಧನ ಪುಕ್ಕಟೆ, ಸಾಲ ಪುಕ್ಕಟೆಯಲ್ಲ. ಒಂದು ಮೆಗಾವ್ಯಾಟ್ ಸೌರ ಸ್ಥಾವರಕ್ಕೆ 4 ಕೋಟಿ ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯಿರಿ, ವರ್ಷಕ್ಕೆ 17.5 ಲಕ್ಷ ಯೂನಿಟ್. ಶೇಕಡ 10ರ ಬಡ್ಡಿಗೆ ವರ್ಷಕ್ಕೆ 40 ಲಕ್ಷ, ಅಂದರೆ ಅಸಲು ಬಿಟ್ಟು ಬಡ್ಡಿಯೇ ಯೂನಿಟ್‌ಗೆ 2 ರೂಪಾಯಿ 29 ಪೈಸೆ. ಬಡ್ಡಿ ಶೇಕಡ 6 ಆದರೆ ಅದು 1 ರೂಪಾಯಿ 37 ಪೈಸೆಗೆ ಇಳಿಯುತ್ತದೆ. ಬಡದೇಶಗಳಲ್ಲಿ ಬಿಸಿಲು ಹೆಚ್ಚಿದ್ದೂ ಸೌರ ವಿದ್ಯುತ್ತು ತುಟ್ಟಿಯಾಗುವ ಕಾರಣ ಇದೇ. ವಿತರಣಾ ಕಂಪನಿಗಳು ಬಿಲ್ಲು ಪಾವತಿಸಲು ತಿಂಗಳುಗಟ್ಟಲೆ ತಡಮಾಡುತ್ತವೆ ಎಂಬ ಹೆಸರು ಬಿದ್ದರೆ ಬ್ಯಾಂಕುಗಳು ಆ ಅಂಜಿಕೆಗೂ ಬಡ್ಡಿ ಸೇರಿಸುತ್ತವೆ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್‌ಗೆ 2 ರೂಪಾಯಿ 44 ಪೈಸೆಯ ದರ ಬಂದಾಗ ದೇಶ ಸಂಭ್ರಮಿಸಿತು. ಅದು ಮಧ್ಯಾಹ್ನದ ದರ ಎಂಬುದನ್ನು ಮರೆಯಬಾರದು. ಅದೇ ಯೂನಿಟ್ಟನ್ನು ಕೂಡಿಟ್ಟು ರಾತ್ರಿ ಎಂಟಕ್ಕೆ ಕೊಡುವ ಖರ್ಚು ಅದರಲ್ಲಿಲ್ಲ.

ಪ್ರಶ್ನೆ: ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದಿರುವಾಗ ಮನೆಯ ಮೇಲೆ ಸೋಲಾರ್ ಹಾಕಿಸಬೇಕೆ?
— ಗೃಹಿಣಿ, ಹುಬ್ಬಳ್ಳಿ

ನಿಮ್ಮ ಬಳಕೆ ಗೃಹಜ್ಯೋತಿಯ ಮಿತಿಯೊಳಗೇ ಇದ್ದರೆ ಹಣದ ಲೆಕ್ಕದಲ್ಲಿ ಅಗತ್ಯವಿಲ್ಲ. 200 ಯೂನಿಟ್ ದಾಟುವ ಮನೆಗಳಿಗೆ ಲಾಭವಿದೆ: ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು ಒಟ್ಟು 78,000 ರೂಪಾಯಿ ಸಹಾಯಧನ ಸಿಗುತ್ತದೆ, ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ.

ಪ್ರಶ್ನೆ: ನಮ್ಮದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್. ಸೋಲಾರ್ ಜೊತೆ ಬ್ಯಾಟರಿಯನ್ನೂ ಹಾಕಿಸಬೇಕೆ?
— ವ್ಯಾಪಾರಿ, ಬ್ಯಾಡಗಿ

ಮೊದಲು ಕಂಪ್ರೆಸರ್ ಓಡಿಸುವ ವೇಳೆಯನ್ನು ಬದಲಿಸಿ ನೋಡಿ. ದಪ್ಪ ಇನ್ಸುಲೇಷನ್ ಇರುವ ಕೋಣೆಯೊಳಗೆ ಸಾವಿರಾರು ಚೀಲ ತಣ್ಣಗೆ ಕುಳಿತಿರುವಾಗ ಆ ಸರಕೇ ತಂಪಿನ ದಾಸ್ತಾನು. ಹಗಲು ಹತ್ತರಿಂದ ನಾಲ್ಕರವರೆಗೆ, ಸರಕಿಗೆ ಒಗ್ಗುವ ಮಿತಿಯೊಳಗೆ ಉಷ್ಣಾಂಶವನ್ನು ಒಂದೆರಡು ಡಿಗ್ರಿ ಹೆಚ್ಚಾಗಿ ಇಳಿಸಿಟ್ಟರೆ ಸಂಜೆ ಆರರಿಂದ ಹತ್ತರವರೆಗೆ ಕಂಪ್ರೆಸರನ್ನು ಬಹುಮಟ್ಟಿಗೆ ನಿಲ್ಲಿಸಬಹುದು. ಬಾಗಿಲು ಪದೇ ಪದೇ ತೆರೆಯುವ ಆವಕದ ದಿನಗಳಲ್ಲಿ ಇದು ನಡೆಯದು. 2023ರಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮ ಸೌರ ತಾಸುಗಳ ದರ ಕಡಿಮೆ, ಸಂಜೆಯ ದರ ಹೆಚ್ಚು ಇರಬೇಕೆಂದು ಹೇಳುತ್ತದೆ; ನಿಮ್ಮ ಸಂಪರ್ಕಕ್ಕೆ ಅನ್ವಯಿಸುವ ದರವನ್ನು ಹೆಸ್ಕಾಂ ಬಿಲ್ಲಿನಲ್ಲಿ ನೋಡಿ, ಆ ಅಂತರದಿಂದ ಬರುವ ಉಳಿತಾಯದ ಲೆಕ್ಕ ಹಾಕಿದ ಮೇಲೆ ಬ್ಯಾಟರಿಯ ಮಾತು. ದೇಶದ ಮಟ್ಟದಲ್ಲೂ ಇಂಥ ಬೇಡಿಕೆಯನ್ನು ಹಗಲಿಗೆ ಸರಿಸುವುದೇ ಅತ್ಯಂತ ಅಗ್ಗದ ಸಂಗ್ರಹ, ಆದರೂ ಯೋಜನಾ ದಾಖಲೆಗಳಲ್ಲಿ ಅದಕ್ಕೆ ಸಿಗುವ ಪುಟಗಳು ಕಡಿಮೆ.

ಪ್ರಶ್ನೆ: ಎಲೆತೋಟಕ್ಕೆ ನೀರು ಹಾಯಿಸಲು ರಾತ್ರಿ ತ್ರೀ ಫೇಸ್ ಬರುತ್ತದೆ. ಹಾವು ಚೇಳಿನ ಭಯ. ಸೌರ ವಿದ್ಯುತ್ತಿನಿಂದ ಹಗಲು ಕೊಡಲು ಬರುವುದಿಲ್ಲವೆ?
— ರೈತ ಓದುಗರು, ಸವಣೂರು ತಾಲ್ಲೂಕು

ಬರುತ್ತದೆ, ಮತ್ತು ಸೌರ ವಿದ್ಯುತ್ತಿಗೆ ಇದಕ್ಕಿಂತ ಒಳ್ಳೆಯ ಬಳಕೆ ಕಾಣುವುದಿಲ್ಲ. ರಾಜ್ಯದಲ್ಲಿ 10 ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ತು ಉಚಿತ, ಅವುಗಳ ಸಂಖ್ಯೆ 30 ಲಕ್ಷಕ್ಕೂ ಹೆಚ್ಚು. ಇಷ್ಟು ದೊಡ್ಡ ಬೇಡಿಕೆಯನ್ನು ಪಾಳಿಯ ಮೇಲೆ ಯಾವ ಹೊತ್ತಿಗಾದರೂ ಸರಿಸಬಹುದು. ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಫೀಡರುಗಳನ್ನು (ಉಪಕೇಂದ್ರದಿಂದ ಹೊರಡುವ ವಿತರಣಾ ಲೈನುಗಳನ್ನು) ಊರಿನ ಫೀಡರಿನಿಂದ ಬೇರ್ಪಡಿಸಿದ್ದು ಈಗ ನೆರವಿಗೆ ಬರುತ್ತದೆ. 2019ರಲ್ಲಿ ಆರಂಭವಾದ ಪಿ.ಎಂ. ಕುಸುಮ್ ಯೋಜನೆಯ ಸಿ ಭಾಗದಲ್ಲಿ ಉಪಕೇಂದ್ರದ ಸಮೀಪವೇ ಸೌರ ಸ್ಥಾವರ ಕಟ್ಟಿ ಅಲ್ಲಿಂದ ಕೃಷಿ ಫೀಡರುಗಳಿಗೆ ಹಗಲು ವಿದ್ಯುತ್ ಕೊಡಬಹುದು. ದೂರದಿಂದ ವಿದ್ಯುತ್ ತರುವ ಸೋರಿಕೆ ಉಳಿಯುತ್ತದೆ, ಫೀಡರಿನ ಕೊನೆಯಲ್ಲಿರುವ ತೋಟಗಳಿಗೂ ವೋಲ್ಟೇಜು ಸುಧಾರಿಸಿ ಮೋಟಾರು ಸುಡುವುದು ಕಡಿಮೆಯಾದೀತು. ಲೈನು ತಲುಪದ ಹೊಲಗಳಿಗೆ ಬಿ ಭಾಗದ ಪ್ರತ್ಯೇಕ ಸೌರ ಪಂಪುಗಳಿವೆ.

ನನಗಿರುವ ಆತಂಕ ಅಂತರ್ಜಲದ್ದು. ಬಿಸಿಲಿರುವಷ್ಟು ಹೊತ್ತೂ ಖರ್ಚಿಲ್ಲದೆ ಓಡುವ ಪ್ರತ್ಯೇಕ ಪಂಪು ಬೋರನ್ನು ಬೇಗ ಬತ್ತಿಸಬಹುದು. ಗುಜರಾತಿನ ಢುಂಡಿ ಗ್ರಾಮದ ರೈತರು 2016ರಲ್ಲಿ ಸಹಕಾರ ಸಂಘ ಕಟ್ಟಿ, ತಮ್ಮ ಪಂಪಿಗೆ ಬೇಡವಾದ ಸೌರ ವಿದ್ಯುತ್ತನ್ನು ಗ್ರಿಡ್ಡಿಗೆ ಮಾರಲು ತೊಡಗಿದರು; ಎತ್ತದ ನೀರಿಗೂ ಬೆಲೆ ಬಂದರೆ ರೈತ ತಾನಾಗಿಯೇ ಪಂಪು ನಿಲ್ಲಿಸುತ್ತಾನೆ ಎಂಬುದು ಅಲ್ಲಿನ ತರ್ಕ.

ನಿಮ್ಮ ಪಂಪ್‌ಸೆಟ್ಟಿನ ಆರ್‌.ಆರ್. ನಂಬರು ಹಿಡಿದುಕೊಂಡು ಹೆಸ್ಕಾಂ ಶಾಖಾ ಕಚೇರಿಗೆ ಹೋಗಿ, ನಿಮ್ಮದು ಯಾವ ಫೀಡರು, ಅದು ಯಾವ ಉಪಕೇಂದ್ರಕ್ಕೆ ಸೇರಿದ್ದು, ಆ ಉಪಕೇಂದ್ರ ಕುಸುಮ್ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಪಟ್ಟಿಯಲ್ಲಿಲ್ಲದಿದ್ದರೆ ಅದೇ ಫೀಡರಿನ ರೈತರೆಲ್ಲ ಸಹಿ ಹಾಕಿದ ಒಂದೇ ಅರ್ಜಿಯನ್ನು ಕಾರ್ಯನಿರ್ವಾಹಕ ಎಂಜಿನಿಯರರಿಗೆ ಕೊಡಿ. ಉಪಕೇಂದ್ರದ ಹತ್ತಿರ ಖಾಲಿ ಬಿದ್ದಿರುವ ಸರ್ಕಾರಿ ಜಮೀನು ಇದ್ದರೆ ಅದರ ಸರ್ವೆ ನಂಬರನ್ನೂ ಅರ್ಜಿಯಲ್ಲಿ ಬರೆಯಿರಿ. ಇಂಥ ಸ್ಥಾವರಗಳು ಹೆಚ್ಚಾಗಿ ತಡವಾಗುವುದು ಜಾಗ ಸಿಗದೆ.